ಮಾತಿನ ಕಲ್ಲು

ನನ್ನ ಮಗಳು ಸುಟ್ಟುಹೋದದ್ದಕ್ಕೆ ಜೈಲಿಗೆ ಹೋದವನನ್ನು ನಾನು ಕ್ಷಮಿಸಬೇಕಂತೆ. ಅದಕ್ಕೆ ಸರ್ಕಾರ ನನಗೆ ಮೂರು ದಿನ ತರಬೇತಿ ಇಟ್ಟಿತ್ತು. ಹೆರುವುದಕ್ಕೆ ನನಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಹೂಳುವುದಕ್ಕೂ ಕೊಟ್ಟಿರಲಿಲ್ಲ. ಕ್ಷಮಿಸುವುದಕ್ಕೆ ಮಾತ್ರ ಮೂರು ದಿನ, ದಿನಕ್ಕೆ ಎರಡು ಟೀ, ನಾಲ್ಕು ಬಿಸ್ಕತ್ತು.

ತರಬೇತಿ ಕೊಡಲು ಬಂದವರು ಒಬ್ಬ ಮೇಡಂ. ಆಕೆಯ ದನಿ ಎಷ್ಟು ಮೆತ್ತಗೆ ಎಂದರೆ ಅದರ ಮೇಲೆ ತಲೆಯಿಟ್ಟು ಮಲಗಬಹುದು. ಮೊದಲ ದಿನ ನಾನು ಮಲಗಿಯೂ ಬಿಟ್ಟೆ. ಎದ್ದಾಗ ಆಕೆ ಅದೇ ವಾಕ್ಯದಲ್ಲಿದ್ದರು. ಮೆತ್ತನೆ ಮೇಡಂ ಎಂದು ಹೆಸರಿಟ್ಟೆ.

ಮೆತ್ತನೆ ಮೇಡಂ ಒಂದು ರಟ್ಟು ತೆಗೆದರು. ರಟ್ಟಿನ ಮೇಲೆ ಆರು ದುಂಡು ಹಳದಿ ಮುಖ. ಒಂದು ನಗುತ್ತಿತ್ತು, ಒಂದು ಅಳುತ್ತಿತ್ತು, ಒಂದಕ್ಕೆ ಸಿಟ್ಟು, ಉಳಿದವಕ್ಕೆ ಏನಾಗಿತ್ತೋ ಗೊತ್ತಿಲ್ಲ.

“ಅಮ್ಮಾ, ಇದ್ರಲ್ಲಿ ಇವತ್ತು ನಿಮ್ಮ ಮುಖ ಯಾವ್ದು?”

“ಯಾವ್ದೂ ಅಲ್ಲ ಮೇಡಂ. ಇವಕ್ಕೆ ಮೂಗೇ ಇಲ್ವಲ್ಲ. ಮೂಗಿಲ್ದೆ ಅಳೋದು ಹೇಗೆ? ಸಿಂಬಳ ಎಲ್ಲಿಂದ ಬರ್ಬೇಕು?”

“ಇದು ಸಾಂಕೇತಿಕ ಅಮ್ಮಾ.”

“ಅದೇ ಹೇಳ್ತಿರೋದು. ನಮ್ಮಲ್ಲಿ ಯಾರೂ ಸಾಂಕೇತಿಕವಾಗಿ ಅಳಲ್ಲ.”

ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅಳುವ ಮುಖಕ್ಕೆ ನನ್ನ ಹೆಸರು ಹಾಕಿಕೊಂಡಿರಬೇಕು.

ಕಥೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಇಪ್ಪತ್ತೆರಡು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ದಾರ ಕತ್ತರಿಸಿದವಳು. ಹೊಲಿದ ಅಂಗಿಯಲ್ಲಿ ಉಳಿದುಕೊಂಡ ದಾರದ ತುದಿಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುವುದು ನನ್ನ ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ನಿಂತೇ ಮಾಡಬೇಕು. ನಾನು ಕತ್ತರಿಸಿದ ದಾರವನ್ನೆಲ್ಲ ಗಂಟು ಹಾಕುತ್ತಾ ಹೋಗಿದ್ದರೆ ಭೂಮಿಗೆ ಎರಡು ಸುತ್ತು ಬಂದು, ಉಳಿದದ್ದರಲ್ಲಿ ಧಣಿಯನ್ನು ಕಂಬಕ್ಕೆ ಕಟ್ಟಬಹುದಿತ್ತು. ಈಗಲೂ ಎಲ್ಲಿ ದಾರ ಕಂಡರೂ ಕೈ ತಾನೇ ಹೋಗುತ್ತದೆ. ಬಸ್ಸಿನಲ್ಲಿ ಒಬ್ಬನ ತೋಳಿನ ದಾರ ಕೀಳಲು ಹೋಗಿ, ಜೇಬಿಗೆ ಕೈ ಹಾಕಿದಳೆಂದು ಕಂಡಕ್ಟರ್ ಬಸ್ಸನ್ನೇ ನಿಲ್ಲಿಸಿದ್ದ.

ಕಣ್ಣು ಮಂಜಾದ ಮೇಲೆ ನನ್ನನ್ನು ಮನೆಗೆ ಕಳಿಸಿದರು. ಗಂಡ ಅದಕ್ಕೂ ಮೊದಲೇ ಹೋಗಿದ್ದ. ಮನೆಯಲ್ಲಿ ಉಳಿದವರು ನಾನು, ನನ್ನ ಮಗಳು. ಅವಳು ಅದೇ ಕಾರ್ಖಾನೆಯ ಅದೇ ಹೊಲಿಗೆ ಹಾಲಿನಲ್ಲಿ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು.

ಆ ಹಾಲಿಗೆ ಒಂದೇ ಬಾಗಿಲು. ಗಂಟೆ ಹೊಡೆದ ಮೇಲೆ ಹೊರಗಿನಿಂದ ಬೀಗ. ಯಾಕೆಂದರೆ ಹೆಂಗಸರು ಕಕ್ಕಸಿಗೆ ಹೋಗುತ್ತಾರೆ. ನಮ್ಮ ಉಚ್ಚೆಯಲ್ಲಿ ಕಾರ್ಖಾನೆ ಕೊಚ್ಚಿಕೊಂಡು ಹೋಗುತ್ತದೆ ಎಂದು ಧಣಿಗೆ ಭಯ. ಎದ್ದಾಗಿನಿಂದ ನಾವು ನೀರು ಮುಟ್ಟುತ್ತಿರಲಿಲ್ಲ. ಮುಟ್ಟಿನ ದಿನ ಕಪ್ಪು ಬಟ್ಟೆ ಉಟ್ಟು ಬರುತ್ತಿದ್ದೆವು. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಬೀಗ ತೆಗೆಯುವರು. ಹೊರಗೆ ಬರುವಾಗ ಸೂಪರ್‌ವೈಸರ್ ಹೆಂಗಸು ರವಿಕೆಯೊಳಗೆ ಕೈಹಾಕಿ ನೋಡುವಳು. ಒಂದು ಗುಂಡಿ ಕದ್ದರೆ ಧಣಿಯ ಮಕ್ಕಳು ಬೀದಿಗೆ ಬರುತ್ತಾರಲ್ಲ.

ಬೀಗ ಹಾಕುವವನು ಕಾವಲುಗಾರ. ಆದರೆ ಬೀಗದಕೈ ಅವನ ಹತ್ತಿರ ಇರುವ ಹಾಗಿಲ್ಲ. ಬೀಗ ಹಾಕಿದ ಕೂಡಲೇ ಅದನ್ನು ತೆಗೆದುಕೊಂಡು ಹೋಗಿ ಮ್ಯಾನೇಜರ್ ಮೇಜಿನ ಡ್ರಾಯರಿಗೆ ಹಾಕಬೇಕು. ಹಿಂದೆ ಒಬ್ಬ ಮುದಿ ಕಾವಲುಗಾರ, ಬಸುರಿಯೊಬ್ಬಳು ವಾಂತಿ ಮಾಡಿಕೊಳ್ಳುತ್ತಿದ್ದಾಳೆಂದು ಬಾಗಿಲು ತೆರೆದುಬಿಟ್ಟಿದ್ದ. ಮಾರನೆಯ ದಿನದಿಂದ ಅವನಿಗೆ ಕೆಲಸವಿಲ್ಲ, ಬೀಗದಕೈಗೆ ಡ್ರಾಯರು. ಕರುಣೆ ಇರುವವನ ಕೈಗೆ ಬೀಗದಕೈ ಕೊಡಬಾರದು ಎಂಬುದು ಅಲ್ಲಿನ ಕಾನೂನು. ಅದನ್ನು ನಾನು ವರ್ಷಗಟ್ಟಲೆ ನನ್ನ ಕಣ್ಣಾರೆ ನೋಡಿದ್ದೇನೆ.

ನಾಲ್ಕು ವರ್ಷದ ಹಿಂದೆ, ಮಧ್ಯಾಹ್ನ, ಇಸ್ತ್ರಿ ಮೇಜಿನ ತಂತಿಗೆ ಬೆಂಕಿ ಹತ್ತಿತು. ಹನ್ನೊಂದು ಜನ ಸತ್ತರು. ಬಾಗಿಲ ಹಿಂದೆ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ನನ್ನ ಮಗಳನ್ನು ನಾನು ಗುರುತಿಸಿದ್ದು ಕೊರಳಿಗೆ ನೇತುಹಾಕಿಕೊಂಡಿದ್ದ ಕತ್ತರಿಯಿಂದ. ಅದು ನಾನು ಬಳಸಿ ಅವಳಿಗೆ ಕೊಟ್ಟ ಕತ್ತರಿ. ತುದಿ ಮುರಿದಿತ್ತು. ಬಾಗಿಲಿನ ಒಳಮುಖದಲ್ಲಿ ಕತ್ತರಿಯ ಗೀರುಗಳಿದ್ದವು. ಅದೇ ಕತ್ತರಿಯಲ್ಲಿ ತಿರುಪುಮೊಳೆ ಬಿಚ್ಚಲು ನೋಡಿದ್ದಾಳೆ. ಎರಡು ಬಿಚ್ಚಿದ್ದಳು. ಇನ್ನೂ ನಾಲ್ಕು ಉಳಿದಿದ್ದವು.

ನಾನು ಒಂದಕ್ಕೆ ಹತ್ತು ಸೇರಿಸಿ ಹೇಳುವವಳು ಎಂದು ಬೀದಿಗೆಲ್ಲ ಗೊತ್ತು. ಇದರಲ್ಲಿ ಮಾತ್ರ ನಾನು ಏನೂ ಸೇರಿಸಿಲ್ಲ.

ಕೋರ್ಟಿನಲ್ಲಿ ಕಾವಲುಗಾರ ತಲೆ ತಗ್ಗಿಸಿ ಹೇಳಿದ: ಬೀಗದಕೈ ನನ್ನ ಜೇಬಿನಲ್ಲೇ ಇತ್ತು, ನಾನು ಟೀ ಕುಡಿಯಲು ಹೋಗಿದ್ದೆ. ಹತ್ತು ವರ್ಷ ಬಿತ್ತು. ಧಣಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಕಾರು ಹತ್ತಿದ. ಬೀಗದಕೈ ಎಲ್ಲಿರುತ್ತಿತ್ತು ಎಂದು ನಾನು ಪೊಲೀಸರಿಗೆ ಹೇಳಿದೆ. ವಕೀಲರಿಗೆ ಹೇಳಿದೆ. ಕೋರ್ಟಿನ ಜವಾನನಿಗೆ, ಮೆಟ್ಟಿಲ ಮೇಲೆ ಮಲಗಿದ್ದ ನಾಯಿಗೆ ಕೂಡ ಹೇಳಿದೆ. ನಾಯಿ ಒಂದು ಕಿವಿಯನ್ನಾದರೂ ಎತ್ತಿತು. ಧಣಿಯ ಮೇಲೆ ಒಂದು ದೂರು ಕೊಟ್ಟೆ. ಅದು ಯಾವುದೋ ಕಪಾಟಿನಲ್ಲಿ ಉಸಿರು ಬಿಗಿಹಿಡಿದು ಇನ್ನೂ ಕೂತಿದೆ.

ಈಗ ಈ ಹೊಸ ಕಾರ್ಯಕ್ರಮ. ಹೆಸರು ‘ಮನ ಬೆಸುಗೆ’. ತಪ್ಪು ಮಾಡಿದವನು, ನೊಂದವರು, ಸಮಾಜ, ಮೂವರೂ ಜೈಲಿನಲ್ಲಿ ದುಂಡಗೆ ಕೂರಬೇಕು. ಅವನು ತಪ್ಪೊಪ್ಪಿಕೊಳ್ಳಬೇಕು, ನಾನು ಕ್ಷಮಿಸಬೇಕು, ಆಮೇಲೆ ಎಲ್ಲರೂ ಟೀ ಕುಡಿಯಬೇಕು.

“ಬೆಸುಗೆಗೆ ಬೆಂಕಿ ಬೇಕಲ್ಲ ಮೇಡಂ,” ಎಂದೆ.

“ಅಂದ್ರೆ?”

“ಏನಿಲ್ಲ. ಅದನ್ನ ಆಗ್ಲೇ ಕೊಟ್ಟಿದ್ದಾರೆ ಅಂತ ನೆನಪಾಯ್ತು.”

ಮೂರನೆಯ ದಿನ ಮೇಡಂ ಒಂದು ಕಾಗದ ಕೊಟ್ಟರು. ನಾಳೆ ಎಲ್ಲ ಮುಗಿದ ಮೇಲೆ ಇದಕ್ಕೆ ಹೆಬ್ಬೆಟ್ಟು ಒತ್ತಬೇಕು, ಇದು ಬರೀ ಕ್ಷಮೆಯ ಕಾಗದ, ಅಂದರು. ನನಗೆ ಕಾಲರಿನ ಒಳಗೆ ಹೊಲಿದಿರುವ ಅಳತೆಯ ಅಕ್ಷರ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ.

ಮನೆ ಬಾಗಿಲಲ್ಲಿ ಕಾವಲುಗಾರನ ಹೆಂಡತಿ ನಿಂತಿದ್ದಳು. ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು. ತಲೆಯಲ್ಲಿ ಹತ್ತಿಯ ಧೂಳು. ಗಂಡ ಜೈಲಿಗೆ ಹೋದ ವಾರಕ್ಕೇ ಅವಳಿಗೆ ಅಲ್ಲಿ ಕಾಜ ಹೊಲಿಯುವ ಮಿಷನ್ ಕೊಟ್ಟಿದ್ದರು.

“ಅಜ್ಜಿ, ನೀವು ಕ್ಷಮಿಸಿಬಿಟ್ರೆ ಈ ವರ್ಷವೇ ಬಿಡ್ತಾರಂತೆ ಅವ್ರನ್ನ,” ಅಂದಳು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

“ಮೊದ್ಲು ಕೂತ್ಕೊಳ್ಳೇ. ನೀನು ಓದಿದೋಳಲ್ವಾ? ಇದನ್ನ ಓದು.”

ಓದಿದಳು. ಮೊದಲ ಸಾಲಿನಲ್ಲಿ ಪಶ್ಚಾತ್ತಾಪ, ಎರಡನೆಯ ಸಾಲಿನಲ್ಲಿ ನೆಮ್ಮದಿ, ಮೂರನೆಯದರಲ್ಲಿ ಹೊಸ ಬೆಳಕು. ನಾಲ್ಕನೆಯ ಸಾಲಿಗೆ ಬಂದು ನಿಂತಳು.

“ಯಾಕೆ, ಮಿಷನ್ ಕೆಟ್ಟೋಯ್ತಾ?”

ಅವಳು ಕಾಗದವನ್ನು ದೀಪದ ಹತ್ತಿರ ಹಿಡಿದು, ಒಂದೊಂದೇ ಪದ ಓದಿದಳು. “ಸದರಿ ಘಟನೆಗೆ ಸಂಬಂಧಿಸಿದಂತೆ... ಇನ್ನು ಮುಂದೆ ಕಾರ್ಖಾನೆಯ ಮೇಲಾಗಲಿ, ಮಾಲೀಕರ ಮೇಲಾಗಲಿ... ನನ್ನದು ಯಾವುದೇ ದೂರು ಇರುವುದಿಲ್ಲ... ಹಿಂದೆ ಕೊಟ್ಟ ದೂರನ್ನು ವಾಪಸ್ ಪಡೆದಿರುತ್ತೇನೆ.”

ಕಾಗದವನ್ನು ಮಡಿಸಿ ನನ್ನ ಮುಂದಿಟ್ಟಳು.

“ಇದನ್ನ ಯಾಕೆ ಓದ್ದೆ?” ಕೇಳಿದೆ. “ಹಾರಿಸಿ ಓದಿದ್ರೆ ನಂಗೇನು ಗೊತ್ತಾಗ್ತಿತ್ತು?”

“ನಂಗೆ ಗೊತ್ತಿರ್ತಿತ್ತಲ್ಲ ಅಜ್ಜಿ.”

“ಹಾಗಾದ್ರೆ ಇನ್ನೊಂದು ಹೇಳು. ಬೀಗದಕೈ ಎಲ್ಲಿತ್ತು?”

“ನಿಮಗೂ ಗೊತ್ತು. ನಂಗೂ ಗೊತ್ತು.”

“ಗೊತ್ತಿದೆ. ಬಾಯಿಬಿಟ್ಟು ಹೇಳ್ದೋರು ಯಾರು?”

“ಹೇಳಿದ್ರೆ ಅವ್ರು ಹೊರಗೆ ಬರಲ್ಲ. ಜೇಬಲ್ಲಿತ್ತು ಅಂತ ಒಪ್ಕೋ, ಎರಡೇ ವರ್ಷ, ಮನೆ ನಾನು ನೋಡ್ಕೋತೀನಿ ಅಂದ್ರು ಧಣಿ. ಹತ್ತು ಬಿತ್ತು. ಈಗ ಬಾಯಿಬಿಟ್ರೆ ನನ್ನ ಕೆಲಸವೂ ಹೋಗುತ್ತೆ.”

“ಆ ಬಾಗಿಲಿಗೆ ಈಗ್ಲೂ ಬೀಗ ಹಾಕ್ತಾರೇನೇ?”

ಅವಳು ಕಾಲಿನ ಹೆಬ್ಬೆರಳಿಂದ ನೆಲ ಕೆರೆದಳು. “ಬಾಗ್ಲು ಹೊಸ್ದು ಹಾಕಿದ್ದಾರೆ. ಬೀಗ ಹಾಕ್ತಾರೆ.”

ಕುಡಿಯಲು ನೀರು ಕೊಟ್ಟೆ. ಬೇಡ ಅಂದಳು. ಅಭ್ಯಾಸ ತಪ್ಪಿಹೋಗಿದೆಯಂತೆ. ಹೋಗುವಾಗ ತಿರುಗಿ, “ನಾಳೆ ಏನು ಮಾಡ್ತೀರಿ ಅಜ್ಜಿ?” ಎಂದಳು.

“ನಂಗೇ ಗೊತ್ತಿಲ್ಲ, ಹೋಗೇ,” ಎಂದೆ. ಸುಳ್ಳು ಹೇಳಲಿಲ್ಲ.

ಮಾರನೆಯ ದಿನ ಬೆಳಗ್ಗೆ ಜೈಲಿಗೆ ಹೋದೆವು. ಗೋಡೆ ಎಷ್ಟು ಎತ್ತರ ಎಂದರೆ ಕಾಗೆ ಕೂಡ ಅರ್ಧ ದಾರಿಯಲ್ಲಿ ಕೂತು ದಣಿವಾರಿಸಿಕೊಳ್ಳಬೇಕು. ಒಳಗೆ ಬಿಡುವ ಮೊದಲು ಒಬ್ಬ ಕಾವಲು ಹೆಂಗಸು ಮೈ ತಡವಿ ನೋಡಿದಳು. ಅವಳು ಹೇಳುವ ಮೊದಲೇ ನಾನು ಕೈ ಎತ್ತಿ, ಕಾಲು ಅಗಲಿಸಿ, ಸೆರಗು ಸರಿಸಿ ನಿಂತಿದ್ದೆ.

“ಒಳ್ಳೆ ಅಭ್ಯಾಸ ಇದೆಯಲ್ಲ ಅಜ್ಜಿ. ಎಷ್ಟು ವರ್ಷ ಒಳಗಿದ್ರಿ?”

“ಇಪ್ಪತ್ತೆರಡು ಕಣಮ್ಮ. ತಪ್ಪು ಮಾತ್ರ ಏನೂ ಮಾಡಿರ್ಲಿಲ್ಲ, ಅಂಗಿ ಹೊಲಿಯೋ ಕಡೆ ಇದ್ದೆ.”

ಹಾಲಿನಲ್ಲಿ ಆರು ಹೊಸ ಕುರ್ಚಿ ದುಂಡಗೆ ಇಟ್ಟಿದ್ದರು. ಒಂದರಲ್ಲಿ ಮೆತ್ತನೆ ಮೇಡಂ, ಅವರ ಎಡಕ್ಕೆ ಕಾವಲುಗಾರ, ಅವನ ಎಡಕ್ಕೆ ಹೆಂಡತಿ, ಆಮೇಲೆ ನಾನು. ನನ್ನ ಎಡಕ್ಕೆ ಒಂದು ಕುರ್ಚಿ ಖಾಲಿ, ಅದರಾಚೆ ಜೈಲಿನ ಸಾಹೇಬ. ಗೋಡೆಯ ಪಕ್ಕದಲ್ಲಿ ಒಬ್ಬ ಮೇಲಧಿಕಾರಿ ಪುಸ್ತಕ ಬಿಚ್ಚಿ ಕೂತಿದ್ದ. ಈ ಕಾರ್ಯಕ್ರಮವನ್ನು ಎಲ್ಲ ಜೈಲುಗಳಲ್ಲೂ ಮಾಡುವುದೋ ಬೇಡವೋ ಎಂದು ಅವನು ಬರೆದುಕೊಂಡು ಹೋಗಬೇಕಿತ್ತು. ಅದಕ್ಕೇ ಮೇಡಂ ನೆಲಕ್ಕೆ ಕಾಲು ಸೋಕದ ಹಾಗೆ ನಡೆಯುತ್ತಿದ್ದರು.

ಆಮೇಲೆ ಖಾಲಿ ಕುರ್ಚಿಗೆ ಧಣಿ ಬಂದು ಕೂತ.

“ಅಮ್ಮಾ, ಆರೋಗ್ಯವಾ?” ಅಂದ.

ನಾನು ಮೇಡಂ ಮುಖ ನೋಡಿದೆ. ಮೇಡಂ ಹಳದಿ ರಟ್ಟಿನ ಮೊದಲನೆಯ ಮುಖದ ಹಾಗೆ ನಕ್ಕರು. “ಇವ್ರು ಸಮಾಜದ ಪ್ರತಿನಿಧಿ ಅಮ್ಮಾ. ಈ ಕುರ್ಚಿಗಳನ್ನೂ ಇವ್ರೇ ಕೊಟ್ಟಿದ್ದು.”

“ಹೌದಾ. ಸಮಾಜವನ್ನ ನೋಡಿ ತುಂಬಾ ದಿನ ಆಗಿತ್ತು. ದಪ್ಪ ಆಗಿದೆ.”

ಕಾವಲು ಹೆಂಗಸು ಬಾಗಿಲ ಹತ್ತಿರ ಕೆಮ್ಮಿದಳು. ಧಣಿಯ ಬಿಳಿ ಅಂಗಿಯ ತೋಳಿನ ಗುಂಡಿಯ ಬಳಿ ಒಂದು ದಾರ ನೇತಾಡುತ್ತಿತ್ತು. ನನ್ನ ಕೈ ಹೊರಟಿತು. ಅರ್ಧ ದಾರಿಯಲ್ಲಿ ಹಿಡಿದು ವಾಪಸ್ ಮಡಿಲಿಗೆ ಹಾಕಿಕೊಂಡೆ. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ದಾರವನ್ನು ನೋಡಿಯೂ ಬಿಟ್ಟೆ.

ಮೇಡಂ ಚೀಲದಿಂದ ಒಂದು ಕಲ್ಲು ತೆಗೆದರು. ಹೊಳೆಯ ಕಲ್ಲು, ಮೊಟ್ಟೆಯಷ್ಟು ದಪ್ಪ, ಸಾಹೇಬನ ಬೋಳುತಲೆಯಷ್ಟು ನುಣುಪು. “ಇದು ಮಾತಿನ ಕಲ್ಲು,” ಅಂದರು. “ಕಲ್ಲು ಕೈಯಲ್ಲಿ ಇದ್ದೋರು ಮಾತ್ರ ಮಾತಾಡ್ಬೇಕು. ಉಳಿದೋರು ಯಾರೇ ಆಗಿರ್ಲಿ, ಎಷ್ಟೇ ದೊಡ್ಡೋರಾಗಿರ್ಲಿ, ಬಾಯಿ ಬಿಡಬಾರ್ದು. ಕಲ್ಲು ಎಡಗಡೆಯಿಂದ ಒಂದು ಸುತ್ತು ಪೂರ್ತಿ ಎಲ್ಲರ ಕೈಗೂ ಹೋಗ್ಬೇಕು. ಅಲ್ಲೀವರೆಗೂ ಯಾರೂ ಏಳೋ ಹಾಗಿಲ್ಲ.” ಇದನ್ನು ಮೂರು ಸಲ ಹೇಳಿದರು. ಮೂರು ಸಲವೂ ಮೇಲಧಿಕಾರಿಯ ಕಡೆಗೆ ನೋಡಿಕೊಂಡು ಹೇಳಿದರು. ಅವನು ಬರೆದುಕೊಂಡ.

ಕಲ್ಲು ಮೊದಲು ಕಾವಲುಗಾರನಿಗೆ ಹೋಯಿತು. ನಾಲ್ಕು ವರ್ಷದಲ್ಲಿ ಅವನು ಅರ್ಧವಾಗಿದ್ದ. ಮೈಮೇಲೆ ಕೈದಿಗಳೇ ಹೊಲಿದ ಅಂಗಿ, ಕಾಲರು ಸೊಟ್ಟ, ಅಂಚಿನ ತುಂಬ ದಾರ. ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಚೀಟಿ ಹಿಡಿದು ಓದತೊಡಗಿದ.

“ನನ್ನ ಅಜಾಗರೂಕತೆಯಿಂದ ಹನ್ನೊಂದು ಅಮೂಲ್ಯ ಜೀವಗಳು ನಷ್ಟವಾದವು. ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಟೀ ಕುಡಿಯಲು ಹೋದ ನನ್ನ ತಪ್ಪಿಗೆ ಕ್ಷಮೆಯಿಲ್ಲ. ಇಲ್ಲಿ ಸ್ವಲ್ಪ ನಿಲ್ಲಿಸಿ ಕಣ್ಣೊರೆಸಿಕೊಳ್ಳುವುದು. ಆದರೂ ತಾಯಿ ಹೃದಯದ ಮುಂದೆ...”

ಮೇಡಂ ಕಣ್ಣು ಮುಚ್ಚಿಕೊಂಡರು. ಅವನಿಗೆ ತಾನು ಓದಿದ್ದು ಏನೆಂದು ತಿಳಿಯಲೇ ಇಲ್ಲ. ಬರೆದದ್ದನ್ನೆಲ್ಲ ಒಪ್ಪಿಕೊಂಡು ಅವನಿಗೆ ರೂಢಿಯಾಗಿತ್ತು.

ಕಲ್ಲು ಹೆಂಡತಿಯ ಕೈಗೆ ಬಂತು. ಅವಳು “ನಾನೇನು ಹೇಳ್ಲಿ” ಎಂದು ಅದನ್ನು ನನಗೆ ದಾಟಿಸಿದಳು. ಅವಳ ಬೆವರಿಗೆ ಕಲ್ಲು ಒದ್ದೆಯಾಗಿತ್ತು.

ಈಗ ನಾನು ಹೇಳಬೇಕಾದ ಮಾತು: ಮಗಾ, ನಿನ್ನನ್ನು ಕ್ಷಮಿಸಿದ್ದೇನೆ. ಮೂರು ದಿನ ಬಾಯಿಪಾಠ ಮಾಡಿಸಿದ್ದರು. ಧಣಿ ಆಗಲೇ ಎಡಗಡೆಯಿಂದ ಅಂಗೈ ಚಾಚಿದ್ದ. ಅವನಿಗೆ ಭಾಷಣ ಸಿದ್ಧವಿತ್ತು, ಜೇಬಿನಿಂದ ಕಾಗದ ಇಣುಕುತ್ತಿತ್ತು.

“ಮೇಡಂ,” ಎಂದೆ, “ಇದು ನನ್ನ ಕೈಲಿರೋವರೆಗೂ ಬೇರೆ ಯಾರೂ ಮಾತಾಡೋ ಹಾಗಿಲ್ಲ ಅಲ್ವಾ? ನೀವೂ ಮಾತಾಡ್ಬೇಡಿ, ತಲೆ ಆಡಿಸಿ ಸಾಕು.”

ಆಡಿಸಿದರು.

“ನೋಡಪ್ಪಾ,” ಕಾವಲುಗಾರನಿಗೆ ಹೇಳಿದೆ, “ನಿನ್ನನ್ನ ಕ್ಷಮಿಸೋಕೆ ನಂಗೇನೂ ಕಷ್ಟ ಇಲ್ಲ. ನನ್ನ ಹತ್ರ ಬೇಕಾದಷ್ಟು ಕ್ಷಮೆ ಇದೆ, ಇಟ್ಟು ಇಟ್ಟು ಗೆದ್ದಲು ಹಿಡೀತಿದೆ. ಆದ್ರೆ ಯಾವ ತಪ್ಪಿಗೆ ಅಂತ ನಂಗೆ ಸರಿಯಾಗಿ ಗೊತ್ತಾಗ್ಬೇಕು. ಒಂದೇ ಒಂದು ಕೇಳ್ತೀನಿ. ಬೀಗದಕೈ ಎಲ್ಲಿತ್ತು?”

ಚೀಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಅವನು ಚೀಟಿಯ ಹಿಂಬದಿಯನ್ನೂ ತಿರುಗಿಸಿ ನೋಡಿದ.

ಮೇಡಂ ತಡೆಯಲಾರದೆ ಪಿಸುಗುಟ್ಟಿದರು. “ಅಮ್ಮಾ, ಇಲ್ಲಿ ಆ ವಿಷಯ ಬೇಡ. ನಡೆದದ್ದನ್ನ ಕೋರ್ಟು ತೀರ್ಮಾನ ಮಾಡಿಯಾಗಿದೆ. ಇಲ್ಲಿ ಬರೀ ಭಾವನೆಗಳ ಬಗ್ಗೆ ಮಾತಾಡೋಣ.”

“ಕಲ್ಲಿಲ್ದೆ ಮಾತಾಡಿದ್ರಿ. ಹೋಗ್ಲಿ, ಹೊಸಬ್ರು. ಭಾವನೆನೇ ಹೇಳ್ತೀನಿ. ಬೀಗದಕೈ ಡ್ರಾಯರಲ್ಲಿತ್ತು ಅಂತ ನನ್ನ ಭಾವನೆ.”

ಗೋಡೆ ಪಕ್ಕದ ಪೆನ್ನು ನಿಂತಿತು. ಆಮೇಲೆ ಓಡತೊಡಗಿತು.

ಸಾಹೇಬ ಬಾಯಿ ತೆರೆದ, ಮೇಲಧಿಕಾರಿಯನ್ನು ನೋಡಿದ, ಬಾಯಿ ಮುಚ್ಚಿದ. ಧಣಿ ಅಂಗೈಯನ್ನು ನನ್ನ ಮೂಗಿನ ತನಕ ತಂದ. ಒಂದು ಜೈಲಿನ ಹಾಲಿನಲ್ಲಿ ಅಷ್ಟು ದೊಡ್ಡ ಮನುಷ್ಯರು ಮೂಕರ ಹಾಗೆ ಕೈಬಾಯಿ ಆಡಿಸುವುದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಇನ್ನೂ ಹತ್ತು ವರ್ಷ ನೋಡುತ್ತಾ ಕೂರಬಹುದಿತ್ತು.

ಎದ್ದೆ. ಮಂಡಿ ಲಟಕ್ಕೆಂದ ಸದ್ದು ಜೈಲಿನ ಗೋಡೆಯಾಚೆಗೂ ಕೇಳಿಸಿರಬೇಕು. ಎಡಕ್ಕೆ, ಎಡಕ್ಕೆ ಎಂದು ಮೇಡಂ ಬೆರಳು ಆಡಿಸುತ್ತಿದ್ದರು. ನಾನು ನಡುವಿನಿಂದ ನೇರ ನಡೆದು ಹೋಗಿ ಕಾವಲುಗಾರನ ಮುಂದೆ ನಿಂತೆ.

“ಹೇಳಿದ್ರೆ ನಿನ್ನನ್ನ ಬಿಡಲ್ಲ,” ಎಂದೆ. “ನಂಗೆ ಗೊತ್ತು. ನಿನ್ ಹೆಂಡ್ತಿಗೂ ಗೊತ್ತು. ಹೇಳ್ದೇ ಇದ್ರೂ ನಿನ್ ಮೇಲೆ ನಂಗೆ ಸಿಟ್ಟಿಲ್ಲ. ತಗೋ.”

ಕಲ್ಲನ್ನು ಅವನ ಕೈಯಲ್ಲಿಟ್ಟೆ. ಅವನು ಹೆಂಡತಿಯ ಕಡೆ ನೋಡಿದ. ಅವಳ ಕೈಯಲ್ಲಿ ಕಲ್ಲಿರಲಿಲ್ಲ. ಆದರೂ ಹೇಳಿದಳು.

“ನಾಳೆ ಗಂಟೆ ಹೊಡೆದ ಮೇಲೆ ನಾನೂ ಆ ಬಾಗ್ಲೊಳಗೇ ಇರ್ತೀನಿ.”

ಅಷ್ಟೇ. ಅವನು ಚೀಟಿಯನ್ನು ಕೆಳಗೆ ಹಾಕಿದ.

“ಡ್ರಾಯರಲ್ಲಿತ್ತು,” ಅಂದ. “ಹೊಗೆ ಕಂಡು ಓಡ್ದೆ. ಮ್ಯಾನೇಜರು ಊಟಕ್ಕೆ ಹೋಗಿದ್ರು. ರೂಮಿಗೆ ಬೀಗ. ಗಾಜು ಒಡೆದು ಕೈ ಹಾಕ್ದೆ.” ತೋಳು ಮೇಲೆತ್ತಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಹೊಲಿಗೆಯ ಗುರುತು. “ಒಳಗೆ ಹೋದ್ರೆ ಡ್ರಾಯರಿಗೂ ಬೀಗ. ಎಳೆದೆ, ಒದ್ದೆ, ಬರ್ಲಿಲ್ಲ. ವಾಪಸ್ ಓಡಿ ಬಂದು ಮರಳಿನ ಬಕೆಟ್ಟಿಂದ ಬಾಗ್ಲಿಗೆ ಹೊಡ್ದೆ. ಒಳಗಿಂದ ಅಣ್ಣಾ ತೆಗಿ, ಅಣ್ಣಾ ತೆಗಿ ಅಂತಿದ್ರು. ನಾನು ಬಂದೆ, ಬಂದೆ ಅಂತಿದ್ದೆ. ಬಂದೇ ಇದ್ದೆ ಅಜ್ಜಿ. ಬಾಗ್ಲ ಈಚೆಗೇ ಇದ್ದೆ. ಎಲ್ಲಾ ಸುಮ್ಮನಾಗೋವರೆಗೂ ಬಂದೆ ಬಂದೆ ಅಂತಲೇ ಇದ್ದೆ.”

ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಚೀಟಿಯಲ್ಲಿ ಅದಕ್ಕೆ ಜಾಗ ಬೇರೆ ಕಡೆ ಇತ್ತು.

ಅವನು ಎದ್ದು ಹೋಗಿ ಧಣಿಯ ಮುಂದೆ ಕಲ್ಲು ಹಿಡಿದ. “ಈಗ ನಿಮ್ಮ ಸರದಿ ಧಣಿ. ಜೇಬಲ್ಲಿತ್ತು ಅಂತ ಹೇಳು ಅಂದೋರು ನೀವು. ಯಾಕೆ ಅಂದ್ರಿ, ಹೇಳಿ.”

ಆಗಿನಿಂದ ಚಾಚಿಕೊಂಡಿದ್ದ ಕೈ ಎಲ್ಲಿ ಹೋಯಿತೋ. ಧಣಿ ಎರಡೂ ಕೈಯನ್ನು ಕಂಕುಳಿಗೆ ಸೇರಿಸಿಕೊಂಡು ಕುರ್ಚಿಯ ಬೆನ್ನಿಗೆ ಅಂಟಿಕೊಂಡ. ಹೊಳೆಯ ಕಲ್ಲು ಅವನ ಮುಂದೆ ಹಾಗೇ ನಿಂತಿತ್ತು. ಅಷ್ಟು ದೊಡ್ಡ ಕಾರ್ಖಾನೆ ಎತ್ತಿದವನಿಗೆ ಒಂದು ಮೊಟ್ಟೆಯಷ್ಟು ಕಲ್ಲು ಎತ್ತಲಾಗಲಿಲ್ಲ.

“ಇವತ್ತಿಗೆ ಸಾಕು,” ಸಾಹೇಬ ಎದ್ದ.

“ಸುತ್ತು ಮುಗ್ದಿಲ್ಲ ಸಾಹೇಬ್ರೆ,” ಎಂದೆ. “ನಿಯಮ.”

“ಏ, ಕರ್ಕೊಂಡು ಹೋಗ್ರೋ ಇವನನ್ನ.”

ಇಬ್ಬರು ಪೇದೆಗಳು ಕಾವಲುಗಾರನ ರಟ್ಟೆ ಹಿಡಿದರು. ನನ್ನ ಪಕ್ಕದಿಂದ ಹಾದುಹೋಗುವಾಗ ಅವನು ಕಲ್ಲನ್ನು ನನ್ನ ಕೈಗೆ ತುರುಕಿದ. ಹೆಂಡತಿಯ ಕಡೆ ತಿರುಗಿ “ನೀರು ಕುಡಿ” ಎಂದ. ಬಾಗಿಲು ಮುಚ್ಚಿತು. ಜೈಲಿನ ಬಾಗಿಲು. ಅದಕ್ಕೆ ಬೀಗ ಹಾಕಿದವನ ಸೊಂಟದಲ್ಲೇ ಬೀಗದಕೈ ನೇತಾಡುತ್ತಿತ್ತು. ಕೈದಿಗಳಿಗೆ ಅಷ್ಟಾದರೂ ಮರ್ಯಾದೆ ಇದೆ.

ಮೆತ್ತನೆ ಮೇಡಂ ಕಾಗದ, ಶಾಯಿ ಡಬ್ಬಿ ಹಿಡಿದುಕೊಂಡು ಬಂದರು. “ಅಮ್ಮಾ, ಆಗಿದ್ದು ಆಯ್ತು. ಹೆಬ್ಬೆಟ್ಟಾದ್ರೂ ಒತ್ತಿಬಿಡಿ. ನಿಮ್ಮ ಮನಸ್ಸಿಗೆ ಹಗುರ ಆಗುತ್ತೆ.”

ಈ ಹೆಬ್ಬೆಟ್ಟನ್ನು ನಾನು ಒತ್ತಿದ ಕಾಗದಗಳನ್ನು ಎತ್ತಿಟ್ಟಿದ್ದರೆ ಒಂದು ಮನೆ ಕಟ್ಟಬಹುದಿತ್ತು. ಕೆಲಸಕ್ಕೆ ಸೇರುವಾಗ ಒತ್ತಿದೆ. ಬಿಡುವಾಗ ಒತ್ತಿದೆ. ಮಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗಲೂ ಒತ್ತಿದೆ. ಒಂದನ್ನೂ ಓದಲಿಲ್ಲ, ಒಬ್ಬರೂ ಓದಿ ಹೇಳಲಿಲ್ಲ. ಈ ಸಲ ಹೆಬ್ಬೆಟ್ಟನ್ನು ಮಡಿಸಿ ಕಲ್ಲಿನ ಮೇಲಿಟ್ಟು, ಮುಷ್ಟಿ ಕಟ್ಟಿದೆ.

“ಒತ್ತಲ್ಲ.”

“ಅಮ್ಮಾ, ನೊಂದೋರು ಕ್ಷಮಿಸಿದ್ರೆ ಮಾತ್ರ...”

“ಅವನನ್ನ ಕ್ಷಮಿಸಿದ್ದೀನಿ. ಬೇಕಾದ್ರೆ ಈಗ್ಲೇ ಇನ್ನೊಂದು ಸಲ ಕ್ಷಮಿಸ್ತೀನಿ, ಬರ್ಕೊಳ್ಳಿ. ನಾಲ್ಕನೇ ಸಾಲಿಗೆ ಒತ್ತಲ್ಲ. ಹರಿದಿದ್ದನ್ನ ಹೊಲಿಯೋಕೆ ಎರಡು ಅಂಚು ಬೇಕು ಮೇಡಂ. ಒಂದು ಅಂಚು ನಾನು. ಇನ್ನೊಂದು ಅಂಚು ಕಂಕುಳಲ್ಲಿ ಕೈ ಇಟ್ಕೊಂಡು ಕೂತಿದೆ.”

ಮುಷ್ಟಿ ಬಿಡಿಸಲು ಮೇಡಂ ನನ್ನ ಬೆರಳು ಹಿಡಿದರು. ಹಿಡಿದು, ಬಿಟ್ಟರು. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದ ಬೆರಳು. ಅದು ತೆರೆಯುವ ಬೆರಳಲ್ಲ.

ಗೇಟಿನಲ್ಲಿ ಅದೇ ಕಾವಲು ಹೆಂಗಸು ಮೈ ತಡವಿದಳು. ಸೊಂಟದಲ್ಲಿ ಗಟ್ಟಿಯಾಗಿ ಸಿಕ್ಕಿತು.

“ಇದೇನಜ್ಜಿ?”

“ಕಿಡ್ನಿ ಕಲ್ಲು ಕಣಮ್ಮ. ನೀರು ಕುಡೀದೆ ಕುಡೀದೆ ಬೆಳ್ಕೊಂಡಿದೆ.”

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. “ಜೋಪಾನ. ಬೀಳಿಸ್ಕೋಬೇಡಿ,” ಎಂದು ಗೇಟು ತೆಗೆದಳು.

ಹದಿನೈದು ದಿನಕ್ಕೆ ವರದಿ ಬಂತು. ಕಾರ್ಯಕ್ರಮ ಯಶಸ್ವಿಯಾಗಿದೆಯಂತೆ. ಎಲ್ಲ ಜೈಲುಗಳಿಗೂ ವಿಸ್ತರಿಸಬಹುದಂತೆ. ಕೈದಿಯಲ್ಲಿ ತಪ್ಪೊಪ್ಪಿಕೊಳ್ಳುವ ಮನೋಭಾವ ಕಾಣದ ಕಾರಣ ಬಿಡುಗಡೆ ಇಲ್ಲವಂತೆ. ಒಂದು ಕಲ್ಲು ಕಾಣೆಯಾಗಿದೆಯಂತೆ. ಡ್ರಾಯರಿನ ಬಗ್ಗೆ ಒಂದಕ್ಷರವಿಲ್ಲ. ಅಷ್ಟೊಂದು ಓಡಿದ ಪೆನ್ನು ಎಲ್ಲಿಗೆ ಓಡಿತೋ.

ಇದನ್ನೆಲ್ಲ ನನಗೆ ಓದಿ ಹೇಳಿದವಳು ಕಾವಲುಗಾರನ ಹೆಂಡತಿ. ಜೈಲಿನಿಂದ ಬಂದ ಮಾರನೆಯ ದಿನವೇ ಅವಳ ಮಿಷನ್ ಮೇಲೆ ಬೇರೊಬ್ಬಳು ಕೂತಿದ್ದಳು. ಅಂದು ನನ್ನ ಮನೆಗೆ ಬಂದು ಅವಳು ನನಗೆ ಬೈದಳು. ನನ್ನ ಏಳು ತಲೆಮಾರನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸಿ ಬೈದಳು. ನಾನು ತಡೆಯಲಿಲ್ಲ. ಅವಳ ಮನೆಯ ಅನ್ನ ನನ್ನ ಒಂದು ಪ್ರಶ್ನೆಗೆ ಹೋಗಿತ್ತು. ಬೈದು ಮುಗಿಸಿ ಒಂದು ಕೊಡ ನೀರು ಕುಡಿದಳು. ಆಮೇಲೆ “ಕಲ್ಲು ಎಲ್ಲಿ?” ಎಂದಳು.

ಕಲ್ಲು ಅಕ್ಕಿ ಡಬ್ಬಿಯಲ್ಲಿತ್ತು. ಅದನ್ನು ಏಳು ದಿನದೊಳಗೆ ಹಿಂತಿರುಗಿಸತಕ್ಕದ್ದು ಎಂದು ಮೇಡಂ ಸಹಿ ಹಾಕಿದ ಕಾಗದವೂ ಬಂತು. ಸುತ್ತು ಮುಗಿದ ಕೂಡಲೇ ಕೊಡುತ್ತೇನೆಂದು ಕಾವಲುಗಾರನ ಹೆಂಡತಿಯ ಕೈಯಲ್ಲೇ ಉತ್ತರ ಬರೆಸಿದೆ.

ಉತ್ತರ ಕಳಿಸಿದ ಮರುದಿನ ಬೆಳಗ್ಗೆ ಇಬ್ಬರೂ ಕಾರ್ಖಾನೆಯ ಗೇಟಿನ ಎದುರು, ರಸ್ತೆಯಾಚೆ ಹೋಗಿ ಕೂತೆವು. ಧಣಿಯ ಕಾರು ಬಂದಾಗ ಅಂಗೈ ಮೇಲೆ ಕಲ್ಲಿಟ್ಟು ಚಾಚಿದೆ. “ತಗೊಳ್ಳಿ ಧಣಿ, ನಿಮ್ಮ ಸರದಿ.” ಕಾರಿನ ಗಾಜು ಮೇಲಕ್ಕೆ ಹೋಯಿತು. ಎರಡನೆಯ ದಿನವೂ ಹೋಯಿತು. ಮೂರನೆಯ ದಿನ ಕಾರು ಹಿಂದಿನ ಗೇಟಿನಿಂದ ಬಂತು. ಒಂದು ಮುದುಕಿಯ ಅಂಗೈಗೆ ಹೆದರಿ ದಾರಿ ಬದಲಿಸಿದ ಕಾರು ಪ್ರಪಂಚದಲ್ಲಿ ಅದೊಂದೇ ಇರಬೇಕು.

ನಾಲ್ಕನೆಯ ದಿನ, ಒಳಗೆ ಹೋಗುತ್ತಿದ್ದ ಹೆಂಗಸರಲ್ಲಿ ಒಬ್ಬಳು ರಸ್ತೆ ದಾಟಿ ಬಂದಳು. ಇಸ್ತ್ರಿ ಮಾಡುವವಳು. ಕೈತುಂಬ ಸುಟ್ಟ ಕಲೆ.

“ಅದೇನಜ್ಜಿ ದಿನಾ ಹಿಡ್ಕೊಂಡು ಕೂರ್ತೀರಿ?”

“ಮಾತಿನ ಕಲ್ಲು. ಇದು ಕೈಲಿದ್ರೆ ನೀನು ಮಾತಾಡ್ಬಹುದು. ಬೇರೆ ಯಾರೂ ಬಾಯಿ ಹಾಕೋ ಹಾಗಿಲ್ಲ.”

“ಯಾರೂನಾ?”

“ಸರ್ಕಾರದ ನಿಯಮ.”

ಅವಳು ನಕ್ಕಳು. ಆಮೇಲೆ ಕಲ್ಲು ತೆಗೆದುಕೊಂಡಳು. ಮೂರು ತಿಂಗಳಿಂದ ಉಚ್ಚೆಯಲ್ಲಿ ರಕ್ತ ಹೋಗುತ್ತಿದೆ ಎಂದಳು. ಮಗಳಿಗೂ ಹೇಳಿರಲಿಲ್ಲವಂತೆ. ಅಷ್ಟರಲ್ಲಿ ಉಳಿದ ಹೆಂಗಸರೂ ರಸ್ತೆ ದಾಟಿ ಬಂದಿದ್ದರು. ಅವಳ ಹಿಂದೆ ನಿಂತಿದ್ದವಳು ಕೈ ಚಾಚಿದಳು. ಅವಳ ಹಿಂದೆ ಇನ್ನೊಬ್ಬಳು. ಹಾಲಿನ ಹೊಸ ಬಾಗಿಲು ಹಳೆಯದಕ್ಕಿಂತ ದಪ್ಪ ಎಂದು ಒಬ್ಬಳು ಹೇಳಿದಳು. ಆ ಬಾಗಿಲಿಗೆ ತಿರುಪುಮೊಳೆಯೇ ಇಲ್ಲ, ಬೆಸುಗೆ ಹಾಕಿದ್ದಾರೆ ಎಂದಳು ಮತ್ತೊಬ್ಬಳು. ನಾನು ಕೊರಳಿಗೆ ಹಾಕಿಕೊಂಡಿದ್ದ, ತುದಿ ಮುರಿದ ಆ ಕತ್ತರಿಯನ್ನು ಹಿಡಿದುಕೊಂಡೆ. ಏನೂ ಹೇಳಲಿಲ್ಲ. ಕಲ್ಲು ನನ್ನ ಕೈಯಲ್ಲಿರಲಿಲ್ಲ.

ಇಷ್ಟು ಹೊತ್ತೂ ಗೇಟಿನಲ್ಲಿ ನಿಂತು ನೋಡುತ್ತಿದ್ದ ಹೊಸ ಕಾವಲುಗಾರ ರಸ್ತೆ ದಾಟಿ ಬಂದ. ಓಡಿಸಲು ಬಂದನೆಂದು ಹೆಂಗಸರು ಸರಿದು ನಿಂತರು. ಅವನು ಟೋಪಿ ತೆಗೆದ.

“ಒಂದ್ನಿಮಿಷ ಕೊಡಜ್ಜಿ ಅದನ್ನ.”

ಕಲ್ಲು ಹಿಡಿದಿದ್ದವಳು ಕೊಟ್ಟಳು. ಅವನು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಾವಲುಗಾರನ ಹೆಂಡತಿಯ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ಬೀಗದಕೈ ಈಗ್ಲೂ ಡ್ರಾಯರಲ್ಲೇ ಹಾಕಿಸ್ತಾರೆ.”

ಒಳಗೆ ಗಂಟೆ ಹೊಡೆಯಿತು. ಸೂಪರ್‌ವೈಸರ್ ಹೆಂಗಸು ಗೇಟಿಗೆ ಬಂದು ಕೈ ಬೀಸಿ ಕೂಗಿದಳು. ಗಂಟೆ ಇನ್ನೊಂದು ಸಲ ಹೊಡೆಯಿತು. ಯಾರೂ ಕದಲಲಿಲ್ಲ. ಕದಲುವುದು ಹೇಗೆ? ಕಲ್ಲು ಇನ್ನೂ ಮೂವತ್ತು ಜನರ ಕೈಗೆ ಹೋಗಬೇಕಿತ್ತು. ಸುತ್ತು ಮುಗಿಯದೆ ಯಾರೂ ಏಳುವ ಹಾಗಿಲ್ಲ. ಅದು ಮೆತ್ತನೆ ಮೇಡಂ ಮಾಡಿದ ನಿಯಮ, ನನ್ನದಲ್ಲ.